ಹಾಡಲು ಡಕ್ಟ್ ಬೇಕೆನ್ನುತ್ತಿದ್ದವರು

ಅವರು ಹಾಡುವಾಗ ಅವರ ಮುಖವನ್ನು ಕಂಡವರು ಬಹರೈನ್‌ನಲ್ಲಿ ಯಾರೂ ಇಲ್ಲ. ಧ್ವನಿಯನ್ನು ಕೇಳಿದವರಿಗೆ ಮಾತ್ರ ಲೆಕ್ಕವಿಲ್ಲ. ಮಾಹೂಝ್‌ನ ಎತ್ತರದ ಕಟ್ಟಡಗಳಲ್ಲಿ ಶುಕ್ರವಾರದ ಊಟ ಮುಗಿಸಿ ಅಡ್ಡಾದವರ ತಲೆಯ ಮೇಲೆ, ಎಸಿಯ ಜಾಲರಿಯಿಂದ, ತಣ್ಣನೆಯ ಗಾಳಿಯ ಬದಲು ಒಂದು ಸ್ಪ್ಯಾನಿಷ್ ಪ್ರೇಮಗೀತೆ ಇಳಿದು ಬರುತ್ತಿತ್ತು. ಲ್ಯಾಟಿನ್ ಅಮೆರಿಕದ ಯಾವುದೋ ರಾಕ್ ತಂಡದ ಹಾಡು ಅದು. ಒಂದು ಕಾಲದಲ್ಲಿ ಮನಾಮಾದ ಜ್ಯೂಸ್ ಅಂಗಡಿಗಳಲ್ಲೂ ಟ್ಯಾಕ್ಸಿಗಳಲ್ಲೂ ಅದನ್ನು ಕೇಳದೆ ಮನೆ ಸೇರುವುದು ಕಷ್ಟವಾಗಿತ್ತು. ಆಮೇಲೆ ಎಲ್ಲರೂ ಅದನ್ನು ಮರೆತರು. ಎಸಿಯ ಗಾಳಿ ಹರಿಯುವ ತಗಡಿನ ಕೊಳವೆಗಳಾದ ಡಕ್ಟುಗಳ ಕೆಲಸದವರಾದ ಇವರೊಬ್ಬರು ಮರೆಯಲಿಲ್ಲ.

ಕಳೆದ ತಿಂಗಳು ಅವರು ನಿವೃತ್ತರಾಗಿ ಹೆಂಡತಿಯೊಡನೆ ಕಾರ್ಕಳಕ್ಕೆ ಹೊರಟುಹೋದರು. ಅವರಿಗೆ ಇಲ್ಲಿನ ನಮ್ಮ ಕರಾವಳಿಯವರ ಕೂಟದ ವತಿಯಿಂದ ನಡೆದ ಸನ್ಮಾನದ ಪತ್ರವನ್ನು ಬರೆದವನು ನಾನು. ಸನ್ಮಾನಪತ್ರವೆಂಬುದು ಚೌಕಟ್ಟಿನೊಳಗೆ ಹಿಡಿಸಬೇಕಾದ ಬರಹ. ಅದರಲ್ಲಿ ಹಿಡಿಸದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಪರಿಚಯವಾದದ್ದು ಗುದೈಬಿಯಾದಲ್ಲಿ ನಾನು ನಡೆಸುವ ಹಾರ್ಡ್‌ವೇರ್ ಅಂಗಡಿಯಲ್ಲಿ. ತಗಡಿನ ಸ್ಕ್ರೂ, ಅಲ್ಯೂಮಿನಿಯಂ ಟೇಪು ಕೊಳ್ಳಲು ಬರುತ್ತಿದ್ದರು. ಅವರ ಮನೆಯ ಮಾತು ತುಳು. ನಾನು ಕುಂದಾಪುರದವನಾದ್ದರಿಂದ ನನ್ನೊಡನೆ ಕನ್ನಡ. ಯಾವ ಕೋಣೆಗೆ ಕಾಲಿಟ್ಟರೂ ಅವರು ಮೊದಲು ನೋಡುತ್ತಿದ್ದದ್ದು ಮನುಷ್ಯರನ್ನಲ್ಲ, ಸೀಲಿಂಗನ್ನು. ಒಮ್ಮೆ ನಾವಿಬ್ಬರೂ ಪರಿಚಿತರೊಬ್ಬರ ಮನೆಗೆ ಸಾವಿನ ಸಂತಾಪ ಹೇಳಲು ಹೋಗಿದ್ದೆವು. ಇವರು ಬಾಗಿಲಲ್ಲೇ ನಿಂತು ಬಹಳ ಹೊತ್ತು ತಲೆಯೆತ್ತಿ ನೋಡಿದರು. ತೀರಿಕೊಂಡವರನ್ನು ನೆನೆದು ದೇವರೊಡನೆ ಮಾತಾಡುತ್ತಿದ್ದಾರೆಂದು ಬಗೆದು ಮನೆಯ ಹೆಂಗಸರು ಮತ್ತೊಮ್ಮೆ ಕಣ್ಣೊರೆಸಿಕೊಂಡರು. ಆಗ ಇವರು ಮೃದುವಾಗಿ, "ಮೂಲೆಯ ಜಾಲರಿಯಲ್ಲಿ ಗಾಳಿ ಬರುದಿಲ್ಲ ಅಲ್ವಾ ನಿಮ್ಮಲ್ಲಿ?" ಎಂದು ಕೇಳಿದರು. ನಿಜವಾಗಿಯೂ ಬರುತ್ತಿರಲಿಲ್ಲವಂತೆ; ಅದನ್ನು ಸರಿಮಾಡಿಯೇ ಹೊರಟರು. ಆ ಮನೆಯವರು ಇಂದಿಗೂ ಅವರನ್ನು ಬಂಧುವೆಂದೇ ಭಾವಿಸಿದ್ದಾರೆ.

ಅವರು ಆ ಹಾಡನ್ನು ಹೇಗೆ ಕಲಿತರೆಂಬುದರ ಬಗ್ಗೆ ನಮ್ಮವರಲ್ಲಿ ಅನೇಕ ಕತೆಗಳು ಚಲಾವಣೆಯಲ್ಲಿದ್ದವು. ಹತ್ತು ಜನ ಹೇಳಿದರೆಂಬ ಕಾರಣಕ್ಕೆ ಯಾವುದನ್ನೂ ನಂಬುವ ಅಭ್ಯಾಸ ನನಗಿಲ್ಲ. ಶಾಲೆ ನನ್ನನ್ನು ಏಳನೆಯ ತರಗತಿಯಲ್ಲಿ ಬಿಟ್ಟಿತು. ಅಲ್ಲಿಂದ ಮುಂದೆ ನಾನೇ ಓದಿ, ಓದಿದ್ದನ್ನು ನಾನೇ ಸಂಶಯಿಸಿ ಇಲ್ಲಿಯವರೆಗೆ ಬಂದಿದ್ದೇನೆ. ಅವರು ಪ್ರಾಯದಲ್ಲಿ ಹಡಗಿನಲ್ಲಿದ್ದರು, ದಕ್ಷಿಣ ಅಮೆರಿಕದ ಬಂದರೊಂದರಲ್ಲಿ ಅವರಿಗೊಬ್ಬ ಪ್ರೇಯಸಿಯಿದ್ದಳು ಎಂಬುದು ಮೊದಲನೆಯ ಕತೆ. ಕೂಟದ ವತಿಯಿಂದ ನಾವೆಲ್ಲ ಒಮ್ಮೆ ದೋಣಿಯಲ್ಲಿ ದ್ವೀಪ ನೋಡಲು ಹೋದಾಗ, ದಡ ಇನ್ನೂ ಕಾಣುತ್ತಿರುವಾಗಲೇ ಅವರು ವಾಂತಿ ಮಾಡತೊಡಗಿ, ದ್ವೀಪ ಮುಟ್ಟಿದ ಮೇಲೆ ಹಿಂದೆ ಬರಲು ಸೇತುವೆಯಿದೆಯೇ ಎಂದು ವಿಚಾರಿಸಿದ್ದನ್ನು ಕಂಡವನು ನಾನು. ಹಡಗಿನ ಕತೆ ಅಲ್ಲಿಗೆ ಮುಳುಗಿತು. ಅವರಿಗೆ ಸ್ಪ್ಯಾನಿಷ್ ಬರುತ್ತದೆಂಬುದು ಎರಡನೆಯದು. ಒಮ್ಮೆ ಆ ಭಾಷೆಯವಳೇ ಆದ ಹೆಂಗಸೊಬ್ಬಳು ಇವರ ಕಂಪೆನಿಗೆ ಫೋನ್ ಮಾಡಿ, ಎಸಿ ಚೆನ್ನಾಗಿ ನಡೆಯುತ್ತಿದೆ, ಆದರೆ ನಿಮ್ಮವರು ಹಾಡಿನ ಎರಡನೆಯ ಚರಣವನ್ನು ಪೂರ್ತಿ ಬಿಟ್ಟುಬಿಟ್ಟಿದ್ದಾರೆ ಎಂದು ದೂರಿತ್ತಳು. ಇವರಿಗೆ ಹಾಡಿನಲ್ಲಿ ಎರಡನೆಯ ಚರಣವಿದೆಯೆಂದು ತಿಳಿದದ್ದೇ ಅಂದು.

ನಾನು ನೇರವಾಗಿ ಕೇಳಿದೆ. ಅವರು ಕೌಂಟರಿನ ಮೇಲೆ ತಗಡಿನ ತುಂಡೊಂದನ್ನು ಬೆರಳಿನಿಂದ ಬಡಿಯುತ್ತ, ನಾದ ಕೇಳುತ್ತ, ಉತ್ತರಿಸಿದರು.

"ನಮ್ಮ ಇಂಜಿನಿಯರನ ಕಾರಿನಲ್ಲಿ ಅದೊಂದೇ ಸಿಡಿ ಇದ್ದದ್ದು ಮಾರಾಯ್ರೆ. ಲೆಬನಾನಿನವ. ಸೈಟಿಗೆ ಹೋಗುವಾಗ ಅದೇ, ಬರುವಾಗ ಅದೇ. ಕಲಿಯದೆ ಎಂತ ಮಾಡುದು?"

"ಕಲಿತದ್ದು ಸರಿ. ಹಾಡುದು ಯಾಕೆ? ಅದೂ ಡಕ್ಟಿನ ಒಳಗೆ ತಲೆ ಹಾಕಿ?"

ಆಗ ಅವರು ತಮ್ಮ ಕೆಲಸದ ಕ್ರಮವನ್ನು ವಿವರಿಸಿದರು. ಆ ಕಟ್ಟಡಗಳಲ್ಲಿ ಪ್ರತಿ ಫ್ಲ್ಯಾಟಿನ ಎಸಿಯ ಯಂತ್ರವೂ ಇರುವುದು ಛಾವಣಿಯ ಮೇಲೆ. ಅಲ್ಲಿಂದ ತಗಡಿನ ಡಕ್ಟುಗಳು ಮರದ ಕೊಂಬೆಗಳಂತೆ ಒಡೆದು ಆಯಾ ಫ್ಲ್ಯಾಟಿನ ಒಂದೊಂದು ಕೋಣೆಗೂ ಇಳಿಯುತ್ತವೆ. ಎಲ್ಲೋ ಒಂದು ಕಡೆ ಗಾಳಿ ಕಟ್ಟಿದರೆ ಆ ಕೊಂಬೆಯನ್ನು ಹುಡುಕುವುದು ಹೇಗೆ? ಇವರು ಯಂತ್ರ ನಿಲ್ಲಿಸಿ, ಮೇಲೆ ತಲೆ ತೂರಿಸಿ ಹಾಡುತ್ತಾರೆ. ಜೊತೆಗಾರನಾದ ಪಾಕಿಸ್ತಾನದ ಮಿಸ್ತ್ರಿ ಕೆಳಗೆ ಜಾಲರಿಯಿಂದ ಜಾಲರಿಗೆ ಸ್ಟೂಲು ಹೊತ್ತುಕೊಂಡು ಕಿವಿಯಿಡುತ್ತಾನೆ. ಹಾಡು ಎಲ್ಲಿ ಮಂಕಾಗುತ್ತದೋ ಅಲ್ಲಿ ತಡೆ ಇದೆ.

"ಹಿಂದಿ ಹಾಡು ಹೇಳಿದ್ರೆ ಮಿಸ್ತ್ರಿ ಕೆಳಗಿನಿಂದ ಅವನೂ ಹಾಡ್ತಾನೆ, ಕೆಲಸ ಕೆಟ್ಟಿತು. ತುಳು ಹೇಳಿದ್ರೆ ಯಾವುದಾದ್ರೂ ಫ್ಲ್ಯಾಟಿನಿಂದ ನಮ್ಮವರು ಬರ್ತಾರೆ, ಯಾವ ಊರು, ಯಾರ ಮಗ, ಬನ್ನಿ ಚಾ ಕುಡಿಯುವ ಅಂತ. ಅರಬ್ಬಿ ಹೇಳಿದ್ರೆ ವಾಚ್‌ಮನ್‌ಗೆ ಸಿಟ್ಟು, ನನ್ನ ಉಚ್ಚಾರ ಅಂಥದ್ದು. ಇದಾದ್ರೆ ಯಾರಿಗೂ ಸಂಬಂಧ ಇಲ್ಲ. ಮತ್ತೆ ಅದ್ರಲ್ಲಿ ನಡುವೆ ಒಂದು ಕಡೆ ಆ ಹಾಡುವವ ಸ್ವರವನ್ನು ಮೇಲಕ್ಕೆ ಎಳೀತಾನಲ್ಲ, ಆ ಎಳೆತ ಎಷ್ಟು ದೂರದ ಕೋಣೆಗಾದ್ರೂ ಮುಟ್ತದೆ. ಅಂಥ ಎಳೆತ ನಮ್ಮ ಯಾವ ಭಜನೆಯಲ್ಲೂ ಇಲ್ಲ."

ನನ್ನ ಮೊಮ್ಮಗಳಿಂದ ಮೊಬೈಲಿನಲ್ಲಿ ಹಾಡಿನ ಅರ್ಥ ಹುಡುಕಿಸಿದೆ. ಒಬ್ಬ ತನ್ನ ಪ್ರೀತಿಯವಳನ್ನು ಕುರಿತು ಹೇಳುವ ಮಾತುಗಳು. ಸಂಶಯಪಡಬೇಕಾದ ಅಂಶಗಳು ಎಲ್ಲ ಪ್ರೇಮಗೀತೆಗಳಲ್ಲಿರುವಷ್ಟೇ ಅದರಲ್ಲೂ ಇದ್ದವು. ಇವರಿಗೆ ಆ ಅರ್ಥವನ್ನು ತಿಳಿಸಿದಾಗ, "ಹೌದಾ? ಇರ್ಲಿ, ಗಾಳಿಗೆ ತೊಂದರೆ ಇಲ್ಲ" ಎಂದರು.

ಇವರಿಂದ ವೇದಿಕೆಯ ಮೇಲೆ ಹಾಡಿಸಲು ನಮ್ಮ ಕೂಟದ ಕಾರ್ಯದರ್ಶಿ ಪ್ರತಿ ವರ್ಷವೂ ಹೆಣಗುತ್ತಿದ್ದ. ಮೈಕು ಹಿಡಿದು ಮುಂದೆ ನಿಂತರೂ ಅವರದು ಒಂದೇ ಉತ್ತರ: "ನಂಗೆ ಹಾಡ್ಲಿಕ್ಕೆ ಡಕ್ಟ್ ಬೇಕು."

ತಮ್ಮ ವೃತ್ತಿಯ ಬಗ್ಗೆ ಅವರಿಗಿದ್ದ ಅಭಿಮಾನ ಸಾಮಾನ್ಯವಾದುದಲ್ಲ. ಒಂದೇ ದೂರಿಗಾಗಿ ಒಂದು ಮನೆಗೆ ಎರಡನೆಯ ಸಲ ಹೋದವರಲ್ಲ ಎಂಬುದು ಅವರ ಮಾತು. "ಎರಡನೇ ಸಲ ಹೋಗುದು ಅಂದ್ರೆ ಮೊದಲನೇ ಸಲ ನಾವು ಹೋಗ್ಲೇ ಇಲ್ಲ ಅಂತ ಲೆಕ್ಕ" ಎನ್ನುತ್ತಿದ್ದರು. ಹೊಸ ಹುಡುಗರು ಗ್ಯಾಸು ತುಂಬಿಸಿ ಮರುದಿನ ಮತ್ತೆ ಅದೇ ಮನೆಯ ಮೆಟ್ಟಿಲು ಹತ್ತುವುದನ್ನು ಕಂಡರೆ, ದೇವಸ್ಥಾನದೊಳಗೆ ಚಪ್ಪಲಿ ಹಾಕಿಕೊಂಡು ಬಂದವರನ್ನು ನೋಡುವಂತೆ ನೋಡುತ್ತಿದ್ದರು.

ಇನ್ನು ಮೂರನೆಯ ಕತೆ. ಇದು ಅವರ ಹೆಂಡತಿ ಹೇಳುವುದು. ಕೂಟದ ಪ್ರತಿ ಸಮಾರಂಭದಲ್ಲೂ ಕಾರ್ಯದರ್ಶಿ ಮೈಕಿನಲ್ಲಿ ಹೇಳುವುದೂ ಇದೇ. ಮೂಡುಬಿದಿರೆಯವರಾದ ಆಕೆ ಆಗ ನರ್ಸು. ಮಾಹೂಝ್‌ನಲ್ಲಿ ಗೆಳತಿಯರೊಡನೆ ವಾಸ. ರಾತ್ರಿಯ ಪಾಳಿ ಮುಗಿಸಿ ಹಗಲು ಮಲಗುವವರು. ಒಂದು ಆಗಸ್ಟಿನಲ್ಲಿ ಅವರ ಫ್ಲ್ಯಾಟಿನ ಎಸಿ ಕೆಟ್ಟಿತು. ಬೆವರಿನಲ್ಲಿ ತೊಯ್ದು ಆಗಷ್ಟೇ ಕಣ್ಣು ಮುಚ್ಚಿದಾಗ ಹಾಸಿಗೆಯ ಮೇಲಿನ ಜಾಲರಿಯಿಂದ ಈ ಹಾಡು ಬಂತು. ಎಳೆತದ ಜಾಗ ಬಂತು. ಮತ್ತೆ ಅದೇ ಎಳೆತ. ಮತ್ತೂ ಅದೇ. ಆಕೆ ಹಾಸಿಗೆಯ ಮೇಲೆ ಎದ್ದು ನಿಂತು, ಜಾಲರಿಗೆ ಬಾಯಿಟ್ಟು, ಸಿಟ್ಟು ಬಂದಾಗ ಬರುವ ಭಾಷೆಯಲ್ಲಿ ಕೂಗಿದರು: "ಯೇರ್ ಅವು? ಜೆಪ್ಪೆರೆ ಬುಡ್ಪರಾ ಇಜ್ಜಾ?" ಯಾರದು, ಮಲಗಲು ಬಿಡುತ್ತೀರೋ ಇಲ್ಲವೋ ಎಂದು.

ಹಾಡು ನಿಂತಿತು. ಡಕ್ಟಿನೊಳಗೆ ತಗಡು ಸದ್ದಾಯಿತು. ಅನಂತರ ಆಕಾಶದಿಂದ ಬಂದಂತೆ, ಗಂಭೀರವಾಗಿ, ತುಳುವಿನಲ್ಲೇ ಪ್ರಶ್ನೆ ಬಂತು: "ಊರು ಓಲು?"

ಊರು ಎಲ್ಲಿ ಎಂದು ಕೇಳಿದರೆ ಉತ್ತರಿಸದೆ ಇರುವ ಶಕ್ತಿ ನಮ್ಮ ಕರಾವಳಿಯವರಲ್ಲಿ ಯಾರಿಗೂ ಇಲ್ಲ. "ಮೂಡುಬಿದಿರೆ" ಎಂದರು ಆಕೆ. ಮೂಡುಬಿದಿರೆಯಲ್ಲಿ ಎಲ್ಲಿ ಎಂದು ಮೇಲಿನಿಂದ ಮರುಪ್ರಶ್ನೆ. ದುರಸ್ತಿ ಮೂರು ದಿನ ನಡೆಯಿತು. ಮೂರು ದಿನವೂ ಹಾಡು, ನಡುನಡುವೆ ಊರಿನ ಸಮಾಚಾರ. ಮೂರನೆಯ ದಿನ ಸಂಜೆ ಎಸಿ ಸರಿಯಾದಾಗ ಆಕೆಗೆ ಬೇಸರವಾಯಿತಂತೆ. ಮುಂದಿನ ವರ್ಷ ಮದುವೆ.

"ನಂಗೋಸ್ಕರವೇ ಹಾಡಿದ್ದು ಅಣ್ಣ" ಎನ್ನುತ್ತಿದ್ದರು ಆಕೆ.

"ತಡೆ ಹುಡುಕ್ಲಿಕ್ಕೆ ಹಾಡಿದ್ದು" ಎನ್ನುತ್ತಿದ್ದರು ಇವರು, ಆಕೆಯ ಎದುರಿಗೇ. "ಡಕ್ಟಿನ ಒಳಗೆ ಬಟ್ಟೆ ಸಿಕ್ಕಿಕೊಂಡಿತ್ತು. ಕೆಟ್ಟ ಜಾಗ. ಒಂದೇ ಕೆಲಸ, ಮೂರು ದಿನ ಹಿಡಿಯಿತು ಅಷ್ಟೇ."

"ಇಷ್ಟು ವರ್ಷ ಆಯ್ತು, ಒಂದು ಸಲ ಸುಳ್ಳಿಗಾದ್ರೂ ಹೌದು ಹೇಳ್ತಾರಾ ನೋಡಿ!"

ನಗುತ್ತಲೇ ಹೇಳುತ್ತಿದ್ದರು. ಆದರೆ ಆ ನಗು ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿದ್ದುದನ್ನು ನಾನು ಗಮನಿಸಿದ್ದೆ.

ಸನ್ಮಾನ ನಿಶ್ಚಯವಾಗಿ ಪತ್ರ ಬರೆಯುವ ಹೊಣೆ ನನಗೆ ಬಂದ ವಾರ, ಇಬ್ಬರೂ ಬೇರೆ ಬೇರೆಯಾಗಿ ಅಂಗಡಿಗೆ ಬಂದರು.

ಮೊದಲು ಇವರು. ಟೇಪು ಕೊಳ್ಳುವ ನೆಪ. "ನೋಡಿ, ಆ ಕಾರ್ಯದರ್ಶಿ ಮತ್ತೆ ಲವ್ ಸ್ಟೋರಿ ಹೇಳ್ತಾನೆ. ಹೇಳ್ಲಿ. ನೀವು ಬರೆಯುವಾಗ ಮಾತ್ರ ನನ್ನ ಕೆಲಸದ ಬಗ್ಗೆ ಬರೀರಿ. ಇಷ್ಟು ವರ್ಷ ಅಷ್ಟು ಮನೆಗಳಿಗೆ ಗಾಳಿ ಬಿಡಿಸಿದ್ದೇನೆ, ಎರಡನೇ ಸಲ ಹೋದವನಲ್ಲ. ಅದನ್ನು ಯಾರೂ ಹೇಳುದಿಲ್ಲ. ಶಾಲು ಹೊದಿಸುದು ಡಕ್ಟಿನಲ್ಲಿ ಹೆಂಡತಿ ಹುಡುಕಿದ್ದಕ್ಕಾದ್ರೆ ನಂಗೆ ಶಾಲು ಬೇಡ."

ಮಾರನೆಯ ದಿನ ಆಕೆ. ಕುಳಿತುಕೊಳ್ಳಲಿಲ್ಲ. "ಅಣ್ಣ, ನೀವು ಸುಳ್ಳು ಬರೆಯುವವರಲ್ಲ ಅಂತ ಎಲ್ರಿಗೂ ಗೊತ್ತುಂಟು. ನಂಗೋಸ್ಕರ ಹಾಡಿದ್ದು ಹೌದಾದ್ರೆ ಮಾತ್ರ ಬರೀರಿ. ಅಲ್ಲದಿದ್ರೆ ಅಲ್ಲ ಅಂತ ನಂಗೊಬ್ಬಳಿಗೆ ಹೇಳಿ. ಊರಿಗೆ ಹೋಗಿ ಇನ್ನು ಇಬ್ಬರೇ ಕೂತಿರುದಲ್ವಾ, ತಿಳ್ಕೊಂಡೇ ಹೋಗುವ."

ಈ ಮಾತು ನನ್ನ ಮನಸ್ಸಿನಿಂದ ಹೋಗಲಿಲ್ಲ. ಗಂಡನ ಕಡೆಗೆ ಸತ್ಯವಿದೆ, ಹೆಂಡತಿಯ ಕಡೆಗೆ ಕತೆಯಿದೆ ಎಂದು ಅಷ್ಟು ದಿನ ನಂಬಿದ್ದ ನನಗೆ, ಬರೆಯಲು ಕುಳಿತಾಗ ಒಂದು ಸಂಶಯ ಮೂಡಿತು. ಡಕ್ಟಿನ ಸಾಮಾನು ಮಾರುವವನು ನಾನು. ಸಿಕ್ಕಿಕೊಂಡ ಬಟ್ಟೆಯೊಂದನ್ನು ತೆಗೆಯಲು ಕೊಕ್ಕೆ ಹಾಕಿದ ಸರಳು ಸಾಕು. ಅಂಥದ್ದನ್ನು ನಾನೇ ಅವರಿಗೆ ಮಾರಿದ್ದೇನೆ. ಮೂರು ದಿನ ಹಿಡಿಯಲು ಅದು ಬಟ್ಟೆಯೋ ಬಟ್ಟೆಯಂಗಡಿಯೋ? ಪ್ರೇಮಕತೆಯನ್ನು ಅಷ್ಟೊಂದು ಸಂಶಯಿಸಿದ ನಾನು, ದುರಸ್ತಿಯ ಕತೆಯನ್ನು ಇವರು ಹೇಳಿದರೆಂಬ ಒಂದೇ ಕಾರಣಕ್ಕೆ ಒಪ್ಪಿಕೊಂಡಿದ್ದೆ.

ಜೊತೆಗಾರ ಮಿಸ್ತ್ರಿ ಈಗ ಅರಾದ್‌ನಲ್ಲಿದ್ದಾನೆ. ಗಡ್ಡ ಬೆಳ್ಳಗಾಗಿದೆ, ಶಾಲೆಯ ಬಸ್ಸು ಓಡಿಸುತ್ತಾನೆ. ಹುಡುಕಿಕೊಂಡು ಹೋದೆ. ಮಾಹೂಝ್, ನರ್ಸುಗಳ ಫ್ಲ್ಯಾಟು, ಆಗಸ್ಟ್ ಎನ್ನುತ್ತಿದ್ದಂತೆ ಅವನು ಸ್ಟಿಯರಿಂಗ್ ಬಡಿದು ನಕ್ಕ.

"ಅರೇ ಭಾಯ್ ಸಾಬ್, ವೋ ತೋ ಪೆಹಲೇ ದಿನ್ ಹೀ ಠೀಕ್ ಹೋ ಗಯಾ ಥಾ!"

ಮೊದಲ ದಿನವೇ ಸರಿಯಾಗಿತ್ತಂತೆ. ಕಟ್ಟಡ ಕಟ್ಟಿದವರು ಯಾರೋ ಒಳಗೆ ಬಿಟ್ಟಿದ್ದ ಹಳೆಯ ಬನಿಯನ್ ಅದು. ಎಳೆದು ತೆಗೆದದ್ದಾಯಿತು, ಗಾಳಿ ಭರ್ರೆಂದು ಇಳಿಯಿತು. ಅಷ್ಟರಲ್ಲೇ ಇವರು ಆ ಫ್ಲ್ಯಾಟಿನ ಯಂತ್ರವನ್ನು ಬಂದ್ ಮಾಡಿದರು.

"ನೀನು ಬನಿಯನ್ನನ್ನು ಕಣ್ಣಾರೆ ನೋಡಿದೆಯಾ?" ಎಂದು ಹಿಂದಿಯಲ್ಲಿ ಕೇಳಿದೆ. ಸಾಕ್ಷಿಯನ್ನು ಪರೀಕ್ಷಿಸದೆ ಒಪ್ಪುವುದು ಹೇಗೆ?

"ಅದರಿಂದಲೇ ನನ್ನ ಸ್ಟೂಲು ಒರೆಸಿದೆ. ಮತ್ತೆ ಎರಡು ದಿನ ಯಾಕೆ ಬರಬೇಕು ಅಂತ ಕೇಳಿದ್ರೆ, 'ಆವಾಜ್ ಅಭೀ ಸಾಫ್ ನಹೀಂ ಹೈ' ಅಂದ. ಧ್ವನಿ ಇನ್ನೂ ಸ್ಪಷ್ಟ ಇಲ್ಲವಂತೆ! ಹಾಲ್‌ನಲ್ಲಿ ಸ್ಟೂಲಿನ ಮೇಲೆ ನಿಂತು ಅದೇ ಸಾಲನ್ನು ಎರಡು ದಿನ ಕೇಳಿದವನು ನಾನು. ನನಗೆ ಹಾಡು ಬಾಯಿಪಾಠ, ಮದುವೆ ಮಾತ್ರ ಅವನಿಗೆ."

ಹಿಂದೆ ಬರುವಾಗ ಎಲ್ಲವೂ ಸ್ಪಷ್ಟವಾಯಿತು. ಆಕೆಗಾಗಿ ಹಾಡಿದೆನೆಂದು ಒಪ್ಪಿಕೊಂಡರೆ, ಮೊದಲ ದಿನವೇ ಮುಗಿದ ಕೆಲಸಕ್ಕೆ ಮತ್ತೆರಡು ಸಲ ಹೋದೆನೆಂದು ಒಪ್ಪಿಕೊಳ್ಳಬೇಕು. ಎರಡನೆಯ ಸಲ ಹೋಗದವರೆಂಬ ಹೆಸರು ಅಲ್ಲಿಗೆ ಹೋಗುತ್ತದೆ. ಆ ಹೆಸರನ್ನು ಉಳಿಸಿಕೊಳ್ಳಲು ಆ ಮನುಷ್ಯ ಇಷ್ಟು ವರ್ಷ ಸ್ವಂತ ಹೆಂಡತಿಯ ಎದುರು ತನ್ನ ಪ್ರೇಮವನ್ನು ಅಲ್ಲಗಳೆದಿದ್ದರು.

ನಾನು ಎರಡೂ ಕಡೆಯವರ ಕೋರಿಕೆಯನ್ನು ನಡೆಸಿಕೊಟ್ಟೆ. ಸುಳ್ಳು ಬರೆಯಲಿಲ್ಲ, ಕತೆಯನ್ನೂ ಬರೆಯಲಿಲ್ಲ. ಕೆಲಸದ ಬಗ್ಗೆಯೇ ಬರೆದೆ.

ಸನ್ಮಾನ ನಡೆದದ್ದು ಗುದೈಬಿಯಾದ ಒಂದು ಹೋಟೆಲಿನ ಮಹಡಿಯಲ್ಲಿ. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ಕ್ರಮಪ್ರಕಾರ. ದಂಪತಿಗಳನ್ನು ಅಕ್ಕಪಕ್ಕ ಕುರ್ಚಿಯಲ್ಲಿ ಕೂರಿಸಿ, ಅವರ ಮುಂದಿನ ಮೇಜಿನ ಮೇಲೊಂದು ಮೈಕಿಟ್ಟಿದ್ದರು. ಪೇಟ ತೊಟ್ಟ ಇವರು ಸೀಲಿಂಗನ್ನು ನೋಡುತ್ತಿದ್ದರು. ಕಾರ್ಯದರ್ಶಿ ತನ್ನ ಪ್ರೇಮಕತೆಯನ್ನು, ಈ ಸಲ ಹಡಗನ್ನೂ ಸೇರಿಸಿ, ಹೇಳಿ ಮುಗಿಸಿದ ಮೇಲೆ ನಾನು ಪತ್ರ ಓದಿದೆ. ಅದರಲ್ಲೊಂದು ವಾಕ್ಯ ಹೀಗಿತ್ತು:

"ದೋಷವನ್ನು ಒಂದೇ ಭೇಟಿಯಲ್ಲಿ ನಿವಾರಿಸುವುದೇ ವೃತ್ತಿಧರ್ಮವೆಂದು ಬಗೆದ ತಾವು, ಮಾಹೂಝ್‌ನ ಒಂದು ಮನೆಯಲ್ಲಿ ಮಾತ್ರ, ಮೊದಲ ದಿನವೇ ಗಾಳಿ ಸರಾಗವಾದ ಮೇಲೂ, ಧ್ವನಿ ಇನ್ನೂ ಸ್ಪಷ್ಟವಾಗಿಲ್ಲವೆಂಬ ಕಾರಣಕ್ಕೆ ಯಂತ್ರವನ್ನು ನಿಲ್ಲಿಸಿ ಮತ್ತೆರಡು ದಿನ ಶ್ರಮಿಸಿದಿರಿ."

ಸಭೆ ಅವರ ಕರ್ತವ್ಯನಿಷ್ಠೆಗೆ ಜೋರಾಗಿ ಚಪ್ಪಾಳೆ ತಟ್ಟಿತು. ವೇದಿಕೆಯ ಮೇಲಿನ ಇಬ್ಬರು ಮಾತ್ರ ಅಲುಗಲಿಲ್ಲ. ಆಕೆ ನಿಧಾನವಾಗಿ ಗಂಡನ ಕಡೆಗೆ ತಿರುಗಿದರು. ಮೇಜಿನ ಮೇಲಿನ ಮೈಕು ಚಾಲೂ ಇತ್ತು. ಆಕೆ ಪಿಸುಗುಟ್ಟಿದ್ದು ಸಭೆಗೆಲ್ಲ ಕೇಳಿಸಿತು.

"ಎಸಿ ಮೊದಲನೇ ದಿನವೇ ಸರಿಯಾಗಿತ್ತಾ?"

ಇವರು ಜಾಲರಿಯನ್ನು ನೋಡಿದರು.

"ಆಗಸ್ಟ್ ತಿಂಗಳಲ್ಲಿ? ಎರಡು ದಿನ ನನ್ನನ್ನು ಬೇಯಿಸಿದ್ರಾ ನೀವು?"

"ಧ್ವನಿ ಸರಿ ಇರ್ಲಿಲ್ಲ" ಎಂದರು ಇವರು, ಕಷ್ಟಪಟ್ಟು.

"ಯಾರ ಧ್ವನಿ?"

ಇವರು ಪೇಟವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ನಿಂದು" ಎಂದರು. "ಮೊದಲನೇ ದಿನ ನೀನು ಬೈದದ್ದು ಮಾತ್ರ ಕೇಳಿತ್ತು. ಬೈಯದೆ ಇರುವಾಗ ಹೇಗುಂಟು ಅಂತ ಕೇಳ್ಬೇಕಿತ್ತು."

ಆಮೇಲೆ ಎದ್ದ ಗದ್ದಲದಲ್ಲಿ ಆಭಾರಮನ್ನಣೆ ಯಾರಿಗೂ ಕೇಳಿಸಲಿಲ್ಲ. ಊಟದ ಸಾಲಿನಲ್ಲಿ ಇವರು ನನ್ನ ಹಿಂದೆ ಬಂದು ನಿಂತು, ತಟ್ಟೆಯನ್ನು ನೋಡುತ್ತ, "ನನ್ನ ಇಡೀ ಸರ್ವಿಸಿನ ಹೆಸರು ಹಾಳು ಮಾಡಿದ್ರಿ ಮಾರಾಯ್ರೆ" ಎಂದರು. ಸಿಟ್ಟಿತ್ತು. ಆದರೆ ನನ್ನ ತಟ್ಟೆಗೆ ಕೋಳಿಸುಕ್ಕ ಬಡಿಸಿದ್ದೂ ಅವರೇ. ಆಕೆ ಸನ್ಮಾನಪತ್ರವನ್ನು ಎರಡೂ ಕೈಗಳಿಂದ ಎದೆಗೆ ಹಿಡಿದುಕೊಂಡಿದ್ದರು. ಫೋಟೋ ತೆಗೆಯುವವನು ಬದಿಗಿಡಿ ಎಂದರೂ ಇಡಲಿಲ್ಲ.

ಮೊನ್ನೆ ಕಾರ್ಕಳದಿಂದ ಆಕೆಯ ಫೋನ್ ಬಂತು. ಪತ್ರವನ್ನು ಗೋಡೆಗೆ ಹಾಕಿದ್ದಾಯಿತಂತೆ. ಸೆಖೆ ಬಹಳವೆಂದು ಇವರೇ ಮನೆಗೆ ಎಸಿ ಹಾಕುತ್ತಿದ್ದಾರೆ. ಗೋಡೆಗೆ ತೂಗುಹಾಕುವಂಥದ್ದಲ್ಲ, ತಾರಸಿಯ ಮೇಲೆ ಯಂತ್ರವಿಟ್ಟು, ತಗಡು ಬಗ್ಗಿಸಿ, ಡಕ್ಟ್ ಎಳೆಯುತ್ತಿದ್ದಾರೆ.

"ಎರಡು ಕೋಣೆಯ ಮನೆಗೆ ಡಕ್ಟ್ ಯಾಕೆ?" ಎಂದೆ.

"ಊರಿನವರೂ ಅದನ್ನೇ ಕೇಳುದು ಅಣ್ಣ. ಒಂದ್ನಿಮಿಷ ಇರಿ, ಕೇಳಿ."

ಆಕೆ ಫೋನನ್ನು ಎಲ್ಲೋ ಎತ್ತಿ ಹಿಡಿದರು. ತಗಡಿನೊಳಗಿಂದ, ದೂರದಿಂದ, ಎಳೆತದ ಆ ಸಾಲು ಬಂತು. ಮತ್ತೆ ಬಂತು. ಎರಡನೆಯ ಚರಣವನ್ನು ಇನ್ನೂ ಕಲಿತಿರಲಿಲ್ಲ.

"ಕೆಲಸ ಮುಗಿಯಿತಾ?" ಎಂದು ಕೇಳಿದೆ.

"ಗಾಳಿ ಮೊದಲನೇ ದಿನವೇ ಬಂದಿದೆ" ಎಂದರು ಆಕೆ. "ಅವರು ಧ್ವನಿ ಸರಿಯಾಗಿಲ್ಲ ಅಂತಾರೆ. ನಾನೂ ಅವಸರ ಮಾಡ್ಲಿಲ್ಲ."